ಬೆನ್ನುಹುರಿ ಮುರಿದ ಸೈನಿಕರು ಮತ್ತು ಅವರ ದುಡಿಮೆ

ಬೆನ್ನುಹುರಿಗೆ ಗುಂಡು ತಾಗಿದ ಸೈನಿಕನು ಬದುಕಿ ಉಳಿಯುವನೆಂಬ ನಂಬಿಕೆ ನೂರು ವರ್ಷಗಳ ಹಿಂದೆ ವೈದ್ಯರಿಗೇ ಇರಲಿಲ್ಲ. ಮೊದಲನೆಯ ಮಹಾಯುದ್ಧದಲ್ಲಿ ಹೀಗೆ ಗಾಯಗೊಂಡವರ ಪೈಕಿ ಶೇಕಡಾ 80ರಷ್ಟು ಮಂದಿ ಕೆಲವೇ ವಾರಗಳಲ್ಲಿ ತೀರಿಕೊಂಡರೆಂದು ಹೇಳುತ್ತಾರೆ. ಅವರಲ್ಲಿ ಹೆಚ್ಚಿನವರನ್ನು ಕೊಂದದ್ದು ಗುಂಡಲ್ಲ. ಸ್ಪರ್ಶಜ್ಞಾನವಿಲ್ಲದ ದೇಹ ಒಂದೇ ಮಗ್ಗುಲಲ್ಲಿ ಮಲಗಿ ಚರ್ಮ ಕೊಳೆತು ಆಗುವ ಹಾಸಿಗೆ ಹುಣ್ಣು, ಮತ್ತು ಮೂತ್ರಕೋಶಕ್ಕೆ ತಗಲಿ ಮೂತ್ರಪಿಂಡಕ್ಕೆ ಏರುವ ಸೋಂಕು, ಇವೆರಡೇ ಸಾಲುತ್ತಿದ್ದವು. ವೈದ್ಯರು ನೋವಿಗೆ ಔಷಧ ಕೊಟ್ಟು ಕಾಯುತ್ತಿದ್ದರು, ಅಷ್ಟೆ.

ನನ್ನ ತರಗತಿಯಲ್ಲಿ ಎರಡನೆಯ ಮಹಾಯುದ್ಧದ ಪಾಠ ಕೇಳಿದವರಿಗೆ ಪಠ್ಯಪುಸ್ತಕದ ಆ ಪಟ್ಟಿಗಳು ನೆನಪಿರಬಹುದು: ಯುದ್ಧದ ಕಾರಣಗಳು, ಯುದ್ಧದ ಪರಿಣಾಮಗಳು. ಪರಿಣಾಮಗಳಲ್ಲಿ ವಿಶ್ವಸಂಸ್ಥೆ ಇತ್ತು, ಶೀತಲ ಸಮರ ಇತ್ತು. ಯುದ್ಧ ಮುಗಿದ ಮೇಲೆ ಸೊಂಟದ ಕೆಳಗೆ ಚಲನೆಯಿಲ್ಲದೆ ಊರಿಗೆ ಮರಳಿದ ಇಪ್ಪತ್ತರ ಹರೆಯದ ಹುಡುಗರು ಆ ಪಟ್ಟಿಯಲ್ಲಿ ಎಲ್ಲಿಯೂ ಇರಲಿಲ್ಲ. ಅವರ ಕಥೆಯನ್ನು ಈಗ ಬರೆಯುತ್ತಿದ್ದೇನೆ.

ಲುಡ್ವಿಗ್ ಗುಟ್‌ಮನ್ ಎಂಬ ಜರ್ಮನ್ ಯೆಹೂದಿ 1899ರಲ್ಲಿ ಹುಟ್ಟಿದವರು. ಹದಿಹರೆಯದಲ್ಲಿ ಆಸ್ಪತ್ರೆಯೊಂದರಲ್ಲಿ ಸ್ವಯಂಸೇವಕರಾಗಿದ್ದಾಗ, ಬೆನ್ನು ಮುರಿದ ಕಟ್ಟುಮಸ್ತಾದ ಗಣಿ ಕಾರ್ಮಿಕನೊಬ್ಬನು ಕೆಲವೇ ವಾರಗಳಲ್ಲಿ ಸೋಂಕಿನಿಂದ ಸತ್ತದ್ದನ್ನು ಕಣ್ಣಾರೆ ಕಂಡಿದ್ದರು. ಮುಂದೆ ಬ್ರೆಸ್ಲಾವ್ ನಗರದಲ್ಲಿ ಹೆಸರಾಂತ ನರರೋಗ ತಜ್ಞರಾದರು. ಹಿಟ್ಲರನ ಆಡಳಿತ ಅವರ ಹುದ್ದೆಯನ್ನು ಕಿತ್ತುಕೊಂಡಿತು. 1939ರಲ್ಲಿ ಹೆಂಡತಿ ಮಕ್ಕಳೊಡನೆ ಇಂಗ್ಲೆಂಡಿಗೆ ವಲಸೆ ಬಂದರು. ಯುರೋಪಿಗೆ ಸೇನೆ ಇಳಿಸುವ ಸಿದ್ಧತೆ ನಡೆದಿದ್ದಾಗ, ಬರಲಿರುವ ಗಾಯಾಳುಗಳನ್ನು ನೆನೆದು ಬ್ರಿಟಿಷ್ ಸರ್ಕಾರವು ಸ್ಟೋಕ್ ಮ್ಯಾಂಡೆವಿಲ್ ಎಂಬಲ್ಲಿ ಬೆನ್ನುಹುರಿ ವಿಭಾಗವೊಂದನ್ನು ಅವರ ಕೈಗೆ ಒಪ್ಪಿಸಿತು. ಅದು ಆರಂಭವಾದದ್ದು 1944ರ ಫೆಬ್ರವರಿ 1ರಂದು.

ಅವರ ಚಿಕಿತ್ಸೆಯಲ್ಲಿ ಪವಾಡವೇನೂ ಇರಲಿಲ್ಲ. ಎರಡು ಗಂಟೆಗೊಮ್ಮೆ, ಹಗಲೂ ರಾತ್ರಿ, ರೋಗಿಯ ಮಗ್ಗುಲು ಬದಲಿಸಬೇಕು. ಮೂತ್ರಕೋಶವನ್ನು ಶುಚಿಯಾಗಿ ನೋಡಿಕೊಳ್ಳಬೇಕು. ಆಜ್ಞೆ ಪಾಲನೆಯಾಗುತ್ತಿದೆಯೇ ಎಂದು ನೋಡಲು ನಡುರಾತ್ರಿಯಲ್ಲಿ ತಾವೇ ವಾರ್ಡಿಗೆ ಬರುತ್ತಿದ್ದರಂತೆ. ಹಿಂದಿನ ತಲೆಮಾರಿನ ನಮ್ಮ ಕೆಲವು ಹೆಡ್‌ಮಾಸ್ಟರುಗಳನ್ನು ಬಲ್ಲವರಿಗೆ ಈ ಸ್ವಭಾವ ಅಪರಿಚಿತವಲ್ಲ. ರೋಗಿಗಳು ಅವರಿಗೆ ಇಟ್ಟ ಅಡ್ಡಹೆಸರು 'ಪಾಪಾ', ಅಂದರೆ ಅಪ್ಪ. ಅದರಲ್ಲಿ ಪ್ರೀತಿ ಎಷ್ಟಿತ್ತೋ ಭಯವೂ ಅಷ್ಟೇ ಇದ್ದಿರಬೇಕು.

ಹೀಗೆ ಜೀವ ಉಳಿಯಿತು. ಆ ಜೀವವನ್ನು ಏನು ಮಾಡುವುದು? ಗುಟ್‌ಮನ್ನರ ನಿಜವಾದ ದೊಡ್ಡತನ ಈ ಪ್ರಶ್ನೆಯನ್ನು ಎದುರಿಸಿದ್ದರಲ್ಲಿದೆ ಎಂದು ನಾನು ತಿಳಿಯುತ್ತೇನೆ. ಹಾಸಿಗೆಯಿಂದ ಎದ್ದು ಕುಳಿತವನು ಸುಮ್ಮನೆ ಕಿಟಕಿಯಾಚೆ ನೋಡುತ್ತ ಕೂರುವುದಕ್ಕೆ ಅವರು ಬಿಡಲಿಲ್ಲ. ಮರಗೆಲಸ, ಗಡಿಯಾರ ರಿಪೇರಿ, ಟೈಪಿಂಗ್ ಮುಂತಾದ ಕೆಲಸಗಳು ಚಿಕಿತ್ಸೆಯ ಭಾಗವೇ ಆದವು. ತಮ್ಮ ರೋಗಿಗಳು ಮತ್ತೆ ಸರ್ಕಾರಕ್ಕೆ ತೆರಿಗೆ ಕಟ್ಟುವವರಾಗಬೇಕು ಎಂಬುದೇ ಅವರ ಗುರಿಯಾಗಿತ್ತು. 1948ರ ಜುಲೈ 29ರಂದು, ಲಂಡನ್ ಒಲಿಂಪಿಕ್ಸ್ ಉದ್ಘಾಟನೆಯಾದ ದಿನವೇ, ಆಸ್ಪತ್ರೆಯ ಹುಲ್ಲುಹಾಸಿನ ಮೇಲೆ 16 ಮಂದಿ ಗಾಲಿಕುರ್ಚಿಯಲ್ಲಿ ಕುಳಿತು ಬಿಲ್ಲುಗಾರಿಕೆಯಲ್ಲಿ ಸ್ಪರ್ಧಿಸಿದರು. ಪ್ಯಾರಾಲಿಂಪಿಕ್ಸ್ ಕ್ರೀಡಾಕೂಟದ ಮೂಲ ಅದು. ಲೋಕವು ಗುಟ್‌ಮನ್ನರನ್ನು ಆ ಆಟಕ್ಕಾಗಿ ನೆನೆಯುತ್ತದೆ. ಅವರಿಗಾದರೋ ಆಟವೂ ದುಡಿಮೆಗೆ ತೋಳುಗಳನ್ನು ಸಿದ್ಧಗೊಳಿಸುವ ಸಾಧನವಾಗಿತ್ತು. ಕಾಲುಗಳ ಕೆಲಸವನ್ನೂ ತೋಳುಗಳೇ ಮಾಡಬೇಕಲ್ಲವೇ?

ಅದೇ 1944ರಲ್ಲಿ ಬ್ರಿಟನ್ನಿನ ಸಂಸತ್ತು ಕಾಯಿದೆಯೊಂದನ್ನು ಮಾಡಿತು. 20 ಅಥವಾ ಹೆಚ್ಚು ನೌಕರರಿರುವ ಸಂಸ್ಥೆ ತನ್ನ ನೌಕರರಲ್ಲಿ ಶೇಕಡಾ 3ರಷ್ಟು ಅಂಗವಿಕಲರನ್ನು ಇಟ್ಟುಕೊಳ್ಳಬೇಕು. ಅಂಗವಿಕಲರಿಗೆಂದೇ ಎರಡು ಉದ್ಯೋಗಗಳನ್ನು ಮೀಸಲಿಟ್ಟರು: ಲಿಫ್ಟ್ ನಡೆಸುವುದು, ಕಾರು ನಿಲ್ದಾಣ ಕಾಯುವುದು. ದೇಶಕ್ಕಾಗಿ ಬೆನ್ನು ಮುರಿದುಕೊಂಡವನಿಗೆ ಇಷ್ಟೇ ಆಕಾಂಕ್ಷೆ ಸಾಕೆಂದು ಭಾವಿಸಿದವರ ಬಗ್ಗೆ ನನಗೆ ಗೌರವ ಮೂಡುವುದಿಲ್ಲ. ಕಾಯಿದೆ ಮುರಿದ ಮಾಲೀಕರ ಮೇಲೆ ಮೊಕದ್ದಮೆ ಹೂಡಿದ್ದೂ ಅಪರೂಪ.

ಅಮೆರಿಕದ ರೀತಿ ಬೇರೆ. ನ್ಯೂಯಾರ್ಕಿನಲ್ಲಿ ಬುಲೋವಾ ಗಡಿಯಾರ ಕಂಪನಿಯವರು 1945ರಲ್ಲಿ ಅಂಗವಿಕಲ ಸೈನಿಕರಿಗಾಗಿ ಗಡಿಯಾರ ತಯಾರಿಕೆಯ ಶಾಲೆ ತೆರೆದರು. ಕುಳಿತಲ್ಲೇ ಕಣ್ಣು ಮತ್ತು ಬೆರಳುಗಳಿಂದ ಆಗುವ ಕೆಲಸವಾದ್ದರಿಂದ ಅದು ಅವರಿಗೆ ಒಗ್ಗಿತು. ಇನ್ನೊಂದು ಪ್ರಸಂಗ ಹೇಳಲೇಬೇಕು. ಇಲಿನಾಯ್ ವಿಶ್ವವಿದ್ಯಾಲಯವು ಸೇನೆಯ ಹಳೆಯ ಆಸ್ಪತ್ರೆಯೊಂದನ್ನು ಗೇಲ್ಸ್‌ಬರ್ಗ್‌ನಲ್ಲಿ ಕಾಲೇಜಾಗಿ ಮಾರ್ಪಡಿಸಿತ್ತು. ಆಸ್ಪತ್ರೆಯಾಗಿದ್ದುದರಿಂದ ಅಲ್ಲಿ ಗಾಲಿಕುರ್ಚಿಗಳು ಎಲ್ಲೆಡೆ ಓಡಾಡಬಹುದಿತ್ತು. ಟಿಮ್ ನ್ಯೂಜೆಂಟ್ ಎಂಬವರ ನೇತೃತ್ವದಲ್ಲಿ 1948ರಲ್ಲಿ ಮಾಜಿ ಸೈನಿಕರೂ ಇದ್ದ ಒಂದು ಪುಟ್ಟ ತಂಡ ಅಲ್ಲಿ ಓದತೊಡಗಿತು. ಮರುವರ್ಷವೇ ಸರ್ಕಾರ ಆ ಕಾಲೇಜನ್ನು ಮುಚ್ಚುವುದೆಂದು ಹೊರಟಿತು. ವಿದ್ಯಾರ್ಥಿಗಳು ಗಾಲಿಕುರ್ಚಿಗಳಲ್ಲೇ ರಾಜ್ಯದ ರಾಜಧಾನಿಗೆ ಹೋಗಿ ಪ್ರತಿಭಟಿಸಿದರು. ಕೊನೆಗೆ ವಿಶ್ವವಿದ್ಯಾಲಯದ ಮುಖ್ಯ ಆವರಣದಲ್ಲಿ ಅವರಿಗೆ ಜಾಗ ಸಿಕ್ಕಿತು. ಮೆಟ್ಟಿಲುಗಳ ಪಕ್ಕ ಇಳಿಜಾರುಗಳು ಬಂದವು, ಗಾಲಿಕುರ್ಚಿಯನ್ನು ಎತ್ತಿಕೊಳ್ಳುವ ಬಸ್ಸುಗಳು ಬಂದವು. 1948ರಲ್ಲೇ ಅಮೆರಿಕದ ಕಾಂಗ್ರೆಸ್ಸು, ಇಂತಹ ಮಾಜಿ ಸೈನಿಕನು ಗಾಲಿಕುರ್ಚಿ ಓಡಾಡುವಂತಹ ಮನೆ ಕಟ್ಟಿಸಿಕೊಂಡರೆ ವೆಚ್ಚದ ಅರ್ಧವನ್ನು, 10,000 ಡಾಲರುಗಳ ಮಿತಿಯೊಳಗೆ, ಸರ್ಕಾರವೇ ಕೊಡುವ ಕಾಯಿದೆ ಮಾಡಿತು. ಮನೆಯ ಹೊಸ್ತಿಲು ದಾಟಲಾರದವನಿಗೆ ಕಾರ್ಖಾನೆಯಲ್ಲಿ ಕೆಲಸ ಕೊಟ್ಟು ಪ್ರಯೋಜನವಿಲ್ಲವೆಂಬ ತಿಳಿವಳಿಕೆ ಅದರಲ್ಲಿತ್ತು.

ಹೊಸ್ತಿಲು ಎಂದಾಗ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ನೆನಪಾಗುತ್ತಾನೆ. ಹೆಸರು ಬೇಡ, ಅವನ ಸಹಪಾಠಿಗಳಿಗೆ ಗೊತ್ತಾಗುತ್ತದೆ. ಪಿ.ಯು.ಸಿ. ಮುಗಿಸಿ ಸೇನೆ ಸೇರಿದವನು, ಗಡಿಯ ಬೆಟ್ಟದ ದಾರಿಯಲ್ಲಿ ಲಾರಿ ಮಗುಚಿ ಬೆನ್ನುಹುರಿಗೆ ಪೆಟ್ಟಾಗಿ ಊರಿಗೆ ಬಂದ. ಕಚೇರಿಯೊಂದು ಅವನನ್ನು ಸಂದರ್ಶನಕ್ಕೆ ಕರೆಯಿತು. ಸಂದರ್ಶನ ಇದ್ದದ್ದು ಎರಡನೆಯ ಮಹಡಿಯಲ್ಲಿ, ಲಿಫ್ಟ್ ಇರಲಿಲ್ಲ. ಬಹಳ ಹೊತ್ತಿನ ಮೇಲೆ ಗುಮಾಸ್ತರೊಬ್ಬರು ಇಳಿದು ಬಂದು, "ನಿಮಗೆ ಪೆನ್ಷನ್ ಬರ್ತದಲ್ಲ, ಯಾಕೆ ಒದ್ದಾಡ್ತೀರಿ?" ಎಂದರಂತೆ. ಅದನ್ನು ಹೇಳುವಾಗ ಅವನಿಗೆ ಕೋಪವಿರಲಿಲ್ಲ. "ಸಾರ್, ಪೆನ್ಷನ್ ಊಟಕ್ಕಾಯ್ತು. ಬೆಳಿಗ್ಗೆ ಎದ್ದು ಎಲ್ಲಿಗೆ ಹೋಗ್ಲಿ?" ಎಂದಷ್ಟೇ ಕೇಳಿದ. ಈಗ ಅವನದೇ ಜೆರಾಕ್ಸ್ ಮತ್ತು ಡಿ.ಟಿ.ಪಿ. ಅಂಗಡಿ ಇದೆ. ಅದಕ್ಕೆ ಮೆಟ್ಟಿಲಿಲ್ಲ.

ನಮ್ಮ ದೇಶದಲ್ಲಿ ಈ ಕೆಲಸದ ಬೇರು ಹಳೆಯದು. ಮೊದಲನೆಯ ಮಹಾಯುದ್ಧದಲ್ಲಿ ಅಂಗಹೀನರಾದ ಭಾರತೀಯ ಸೈನಿಕರಿಗೆ ಕಸುಬು ಕಲಿಸಲು 1917ರಲ್ಲಿ ಮುಂಬಯಿಯಲ್ಲಿ ಕ್ವೀನ್ ಮೇರೀಸ್ ಟೆಕ್ನಿಕಲ್ ಇನ್‌ಸ್ಟಿಟ್ಯೂಟ್ ಸ್ಥಾಪನೆಯಾಯಿತು. ಮುಂದೆ ಅದು ಪುಣೆಯ ಖಡ್ಕಿಗೆ ಬಂತು. ಅದೇ ಖಡ್ಕಿಯಲ್ಲಿ, 1965 ಮತ್ತು 1971ರ ಯುದ್ಧಗಳ ನಂತರ, ಬೆನ್ನುಹುರಿಗೆ ಪೆಟ್ಟಾದ ಸೈನಿಕರಿಗೆಂದೇ 1974ರಲ್ಲಿ ಪುನರ್ವಸತಿ ಕೇಂದ್ರವೊಂದು ಆರಂಭವಾಯಿತು. ಇಂತಹುದೇ ಇನ್ನೊಂದು ಪಂಜಾಬಿನ ಮೊಹಾಲಿಯಲ್ಲಿದೆ.

1965ರ ಯುದ್ಧದಲ್ಲಿ ಗುಂಡು ತಾಗಿ ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡ ಮುರಳೀಕಾಂತ ಪೇಟ್ಕರ್ ಅವರನ್ನು ಈಗ ಸಿನಿಮಾದ ಮೂಲಕ ಎಲ್ಲರೂ ಬಲ್ಲರು. ಸೇನೆಯಲ್ಲಿ ಕುಸ್ತಿ, ಮುಷ್ಟಿಯುದ್ಧ ಆಡುತ್ತಿದ್ದವರು ಈಜಲು ಕಲಿತರು. 1972ರಲ್ಲಿ ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ 50 ಮೀಟರ್ ಈಜಿನಲ್ಲಿ ಚಿನ್ನ ಗೆದ್ದರು. ಭಾರತಕ್ಕೆ ಪ್ಯಾರಾಲಿಂಪಿಕ್ಸ್‌ನ ಮೊದಲ ಚಿನ್ನವದು. ಗುಟ್‌ಮನ್ನರು ಹುಲ್ಲುಹಾಸಿನ ಮೇಲೆ ಆರಂಭಿಸಿದ್ದು ಹೀಗೆ ಸಾಂಗ್ಲಿ ಜಿಲ್ಲೆಯ ಹುಡುಗನೊಬ್ಬನವರೆಗೆ ಬಂತು. ಪದಕದ ಕಥೆಯ ನಡುವೆ ಜನ ಮರೆಯುವ ಒಂದು ಸಂಗತಿಯಿದೆ. ಪೇಟ್ಕರ್ ಪುಣೆಯ ಟೆಲ್ಕೋ ಕಾರ್ಖಾನೆಯಲ್ಲಿ ನೌಕರಿ ಮಾಡಿ ಸಂಸಾರ ನಡೆಸಿದರು. ಪದ್ಮಶ್ರೀ ಬಂದದ್ದು 2018ರಲ್ಲಿ. ಅಲ್ಲಿಯವರೆಗೆ ಅವರ ಮನೆಯನ್ನು ನಡೆಸಿದ್ದು ಚಿನ್ನದ ಪದಕವಲ್ಲ.

ಕಾನೂನಿನ ಮಾತು ಸ್ವಲ್ಪ. ಬ್ರಿಟನ್ ತನ್ನ ಶೇಕಡಾ 3ರ ನಿಯಮವನ್ನು ಕೈಬಿಡಲು 1995ರಲ್ಲಿ ಕಾಯಿದೆ ಮಾಡಿತು. ಅದೇ 1995ರ ಕಾಯಿದೆಯಿಂದ ಭಾರತವು ಸರ್ಕಾರಿ ಹುದ್ದೆಗಳಲ್ಲಿ ಅಂಗವಿಕಲರಿಗೆ ಶೇಕಡಾ 3ರ ಮೀಸಲಾತಿ ತಂದಿತು. 2016ರ ಕಾಯಿದೆ ಅದನ್ನು 4ಕ್ಕೆ ಏರಿಸಿತು. ಸೇವೆಯಲ್ಲಿರುವಾಗ ಅಂಗವಿಕಲನಾದ ಸರ್ಕಾರಿ ನೌಕರನನ್ನು ಕೆಲಸದಿಂದ ತೆಗೆಯಬಾರದೆಂದೂ ಕಾಯಿದೆ ಹೇಳುತ್ತದೆ. ಆದರೆ ಸರ್ಕಾರದ ಅಧಿಸೂಚನೆಯು ಸಶಸ್ತ್ರ ಪಡೆಗಳ ಹೋರಾಟದ ಹುದ್ದೆಗಳನ್ನು ಈ ರಕ್ಷಣೆಯಿಂದ ಹೊರಗಿಟ್ಟಿದೆ. ಅದರ ಸೈನಿಕ ಕಾರಣ ನನಗೆ ಅರ್ಥವಾಗುತ್ತದೆ. ಆದರೂ ಅತಿ ಹೆಚ್ಚು ಅಪಾಯಕ್ಕೆ ಒಡ್ಡಿಕೊಂಡವನೇ ರಕ್ಷಣೆಯ ಆಚೆಗೆ ನಿಂತಿರುವುದು ಮನಸ್ಸಿಗೆ ಒಪ್ಪುವುದಿಲ್ಲ.

ಖಡ್ಕಿಯ ಕೇಂದ್ರದಲ್ಲಿ ಬಹುಕಾಲ ಬದುಕಿದ ಎಂ.ಪಿ. ಅನಿಲ್ ಕುಮಾರ್ ಅವರನ್ನು ಹೆಸರಿಸದೆ ಈ ಬರಹ ಮುಗಿಸಲಾರೆ. ಕೇರಳದವರು, ವಾಯುಸೇನೆಯಲ್ಲಿ ಮಿಗ್-21 ಹಾರಿಸುತ್ತಿದ್ದವರು. 1988ರಲ್ಲಿ ಮೋಟಾರ್ ಸೈಕಲ್ ಅಪಘಾತವೊಂದರಲ್ಲಿ ಕತ್ತಿನ ಕೆಳಗೆ ಇಡೀ ದೇಹ ನಿಶ್ಚಲವಾಯಿತು. ಗುಟ್‌ಮನ್ನರ ಬಿಲ್ಲುಗಾರರಿಗೆ ತೋಳುಗಳಾದರೂ ಇದ್ದವು. ಇವರಿಗೆ ಅವೂ ಇರಲಿಲ್ಲ. ಬಾಯಲ್ಲಿ ಲೇಖನಿ ಕಚ್ಚಿ ಬರೆಯಲು ಕಲಿತರು. ಮುಂದೆ ಬಾಯಲ್ಲಿ ಕಡ್ಡಿ ಹಿಡಿದು ಕಂಪ್ಯೂಟರಿನ ಕೀಲಿಗಳನ್ನು ಒಂದೊಂದಾಗಿ ಒತ್ತುತ್ತ ದೇಶರಕ್ಷಣೆಯ ವಿಷಯಗಳ ಮೇಲೆ ಲೇಖನಗಳನ್ನು ಬರೆದರು. 2014ರಲ್ಲಿ ತೀರಿಕೊಂಡರು. ವಿಮಾನದಿಂದ ಗಾಲಿಕುರ್ಚಿಗೆ ಬಂದ ತಮ್ಮ ಪಯಣದ ಬಗ್ಗೆ ಅವರು ಬರೆದ ಪ್ರಬಂಧ ಮಹಾರಾಷ್ಟ್ರದ ಶಾಲಾ ಪಠ್ಯದಲ್ಲಿ ಪಾಠವಾಗಿ ಸೇರಿತು. ಅದನ್ನು ತರಗತಿಯಲ್ಲಿ ಓದಿಸುವ ಅವಕಾಶ ಸಿಕ್ಕ ಅಲ್ಲಿನ ಮೇಷ್ಟ್ರುಗಳನ್ನು ಕಂಡರೆ ನನಗೆ ಸ್ವಲ್ಪ ಹೊಟ್ಟೆಕಿಚ್ಚು.