ಮಂಗಳೂರಿನ ಕಲೆಕ್ಟರು ಆಳಿದ ದ್ವೀಪಗಳು

ಆಫೀಸಿನ ಗೆಳೆಯರ ಜೊತೆ ಲಕ್ಷದ್ವೀಪದ ಕದ್ಮತ್‌ಗೆ ಹೋಗಿದ್ದೆ. ಕೊಚ್ಚಿಯಿಂದ ಹಡಗು, ಪರ್ಮಿಟ್ಟಿನ ತಲೆನೋವು, ಹಸಿರು-ನೀಲಿ ನೀರು... ಇದೆಲ್ಲಾ ಎಲ್ಲರೂ ಬರೆಯುವುದೇ, ಫೋಟೋಗಳನ್ನು ಇನ್ನೊಮ್ಮೆ ಹಾಕ್ತೀನಿ. ಅಲ್ಲಿ ತೆಂಗಿನ ತೋಪಿನಲ್ಲಿ ಸಿಕ್ಕ ಹಿರಿಯರೊಬ್ಬರು "ಮಂಗಲಾಪುರಂ ಕಡೆಯವರಾ?" ಅಂತ ಕೇಳಿದರು. ಅವರ ಅಜ್ಜನ ಕಾಲಕ್ಕೆ ಪೇಟೆ ಅಂದರೆ ಮಂಗಳೂರಿನ ಬಂದರೇ ಅಂತೆ. ವಾಪಸ್ ಬಂದಮೇಲೆ ಇದನ್ನೇ ಹುಡುಕಿಕೊಂಡು ಕೂತೆ.

ಅಮಿನಿ, ಕದ್ಮತ್, ಕಿಲ್ತಾನ್, ಚೆತ್ಲತ್, ಬಿತ್ರಾ, ಈ ಐದು ಸೇರಿ ಅಮಿನ್‌ದಿವಿ ದ್ವೀಪಗಳು. ಮೊದಲು ಇವು ಕಣ್ಣೂರಿನ ಅರಕ್ಕಲ್ ಮನೆತನದ ಕೈಲಿದ್ದವು. ನಾರಿನ ಮೇಲೆ ಆ ಮನೆತನದ್ದೇ ಏಕಸ್ವಾಮ್ಯ, ಅವರು ಹೇಳಿದ್ದೇ ರೇಟು. ಬೇಸತ್ತ ದ್ವೀಪದವರು 1787ರಲ್ಲಿ ಟಿಪ್ಪು ಸುಲ್ತಾನನ ಮೊರೆ ಹೋದರು. ಅವನು ಇವನ್ನು ತನ್ನ ಆಳ್ವಿಕೆಗೆ ಸೇರಿಸಿಕೊಂಡ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ದ್ವೀಪಗಳು ಕಂಪನಿಯ ಪಾಲಾಗಿ, ಮಂಗಳೂರಿನ ಕಲೆಕ್ಟರ ಕೆಳಗೆ ಬಂದವು. ಕವರತ್ತಿ, ಆಂಡ್ರೋತ್ ಮುಂತಾದ ದಕ್ಷಿಣದವು ಮಾತ್ರ ಅರಕ್ಕಲ್‌ಗೇ ಉಳಿದವು.

ಯಜಮಾನ ಬದಲಾದರೂ ನಾರಿನ ಏಕಸ್ವಾಮ್ಯ ಹೋಗಲಿಲ್ಲ ನೋಡಿ! ಹವಳದ ಮರಳಲ್ಲಿ ಭತ್ತ ಬೆಳೆಯುವುದಿಲ್ಲ. ಹೆಂಗಸರು ಸಿಪ್ಪೆಯನ್ನು ಲಗೂನಿನ ಉಪ್ಪುನೀರಿನಲ್ಲಿ ತಿಂಗಳುಗಟ್ಟಲೆ ಕೊಳೆಹಾಕಿ, ಬಡಿದು, ಹುರಿ ಹೊಸೆಯಬೇಕು. ಗಂಡಸರು ಅದನ್ನು ಓಡಂ ಎಂಬ ಹಾಯಿದೋಣಿಯಲ್ಲಿ ಮಂಗಳೂರಿಗೆ ತಂದು ಸರ್ಕಾರಕ್ಕೇ ಒಪ್ಪಿಸಿ ಅಕ್ಕಿ ಪಡೆಯಬೇಕು. ಎರಡಕ್ಕೂ ದರ ಕಟ್ಟುವವರು ಸರ್ಕಾರದವರೇ. ಮಳೆಗಾಲ ಶುರುವಾದರೆ ದೋಣಿ ಓಡುವುದಿಲ್ಲ, ತಂದ ಅಕ್ಕಿಯಲ್ಲೇ ತಿಂಗಳುಗಳನ್ನು ತಳ್ಳಬೇಕು. "ದೂರದ ಸ್ವರ್ಗ" ಅಂತ ನಾವು ಟಿಕೆಟ್ ತೆಗೆಯುವ ಜಾಗದಲ್ಲಿ ದೂರ ಅಂದರೆ ಇದು.

ಅಮಿನಿಯಲ್ಲಿ ಸರ್ಕಾರದ ಪರವಾಗಿ ಇರುತ್ತಿದ್ದ ಅಧಿಕಾರಿಗೆ ಮಣೆಗಾರ ಅಂತ ಹೆಸರು (ನಮ್ಮ ಕಡೆಯದೇ ಪದ!). ಅವನ ಕೆಲಸಗಳಲ್ಲಿ ಇಲಿ ಬೇಟೆ ಏರ್ಪಡಿಸುವುದೂ ಒಂದು. ನಗಬೇಡಿ :) ಇಲಿಗಳು ಎಳನೀರು ಕೊರೆದರೆ ತೆಂಗಿಲ್ಲ, ತೆಂಗಿಲ್ಲದಿದ್ದರೆ ನಾರಿಲ್ಲ, ನಾರಿಲ್ಲದಿದ್ದರೆ ಅಕ್ಕಿಯೂ ಇಲ್ಲ. ಹಾಗಾಗಿ ಊರಿನ ಗಂಡಸರೆಲ್ಲ ಹೋಗಲೇಬೇಕಿತ್ತು.

ಇನ್ನು 1956ರ ನವೆಂಬರ್ 1. ನಮಗೆಲ್ಲ ಗೊತ್ತಿರುವ ದಿನ. ದಕ್ಷಿಣ ಕನ್ನಡ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂತು, ಕಾಸರಗೋಡು ಕೇರಳಕ್ಕೆ ಹೋಯಿತು. ಅದೇ ದಿನ ಅದೇ ಜಿಲ್ಲೆಯಿಂದ ಈ ಐದು ದ್ವೀಪಗಳೂ ಕಳಚಿಕೊಂಡು ಕೇಂದ್ರಾಡಳಿತಕ್ಕೆ ಸೇರಿದವು. ಕಾಸರಗೋಡಿಗಾಗಿ ಎಷ್ಟು ಹೋರಾಟ, ಎಷ್ಟು ಲೇಖನ! ಅಮಿನಿಯ ಬಗ್ಗೆ ಕನ್ನಡದಲ್ಲಿ ನಾನು ಒಂದು ಸಾಲೂ ಓದಿದ ನೆನಪಿಲ್ಲ. ಅಲ್ಲಿನ ಮಾತು ಜೆಸರಿ, ಅಂದರೆ ಮಲಯಾಳದ ಒಂದು ಬಗೆ. ಆದ್ದರಿಂದ ನಮ್ಮದಾಗಬೇಕಿತ್ತು ಅಂತ ನಾನೇನೂ ಹೇಳುತ್ತಿಲ್ಲ. ಆದರೆ ಒಂದೂವರೆ ಶತಮಾನ ಅವರ ಅಕ್ಕಿಯ ಲೆಕ್ಕ ಮಂಗಳೂರಲ್ಲೇ ಇತ್ತಲ್ಲ?

ಹೊಸ ಕೇಂದ್ರಾಡಳಿತ ಪ್ರದೇಶದ ಹೆಸರು ಲಕ್ಕದೀವ್, ಮಿನಿಕಾಯ್ ಮತ್ತು ಅಮಿನ್‌ದಿವಿ ದ್ವೀಪಗಳು ಎಂದಿತ್ತು. ಕಚೇರಿ ಕಲ್ಲಿಕೋಟೆಯಲ್ಲಿ. 1964ರಲ್ಲಿ ಅದು ಕವರತ್ತಿಗೆ ಹೋಯಿತು. 1973ರಲ್ಲಿ ಇಡೀ ಪ್ರದೇಶಕ್ಕೆ ಲಕ್ಷದ್ವೀಪ ಅಂತ ಹೆಸರಿಟ್ಟರು, ಅಮಿನ್‌ದಿವಿ ಬೋರ್ಡಿನಿಂದಲೂ ಹೋಯಿತು.