ಚರ್ಮದ ಮೇಲೆ ಬರೆದ ರಾಜ್ಯ

1066ರಲ್ಲಿ ಇಂಗ್ಲೆಂಡ್ ಗೆದ್ದ ವಿಲಿಯಂನ ತಾಯಿಯ ಅಪ್ಪ ಚರ್ಮ ಹದ ಮಾಡೋನು ಅಂತ ಹೇಳ್ತಾರೆ. ಅದಕ್ಕೂ ಮುಂಚೆ ನಾರ್ಮಂಡಿ ಗಡಿಯ ಅಲಾಂಸೋನ್ ಕೋಟೆಗೆ ಅವನು ಮುತ್ತಿಗೆ ಹಾಕಿದಾಗ, ಒಳಗಿದ್ದವರು ಚರ್ಮ ಬಡಿದು ತೋರಿಸಿ ಅಣಕಿಸಿದರಂತೆ. ಗೆದ್ದಮೇಲೆ ಅವರ ಕೈಕಾಲು ಕಡಿಸಿದನಂತೆ! ಮುಂದೆ ಇಂಗ್ಲೆಂಡಿನ ಹೊಲ, ನೇಗಿಲು, ಗಿರಣಿಗಳ ಲೆಕ್ಕವನ್ನೆಲ್ಲ ಅವನು ಬರೆಸಿದ 1086ರ ಡೂಮ್ಸ್‌ಡೇ ಪುಸ್ತಕ ಇದೆಯಲ್ಲ, ಅದೂ ಕುರಿ ಚರ್ಮದ ಮೇಲೆಯೇ. 1215ರ ಮ್ಯಾಗ್ನಾ ಕಾರ್ಟಾ ಕೂಡ.

ಚರ್ಮವಿಲ್ಲದೆ ಅಲ್ಲಿ ದಿನ ಸಾಗ್ತಿರಲಿಲ್ಲ. ಜೋಡು, ಜೀನು, ಕತ್ತಿಯ ಒರೆ, ಕಮ್ಮಾರನ ತಿದಿ, ನೀರಿನ ಬಕೆಟ್ಟು. ಬಿಯರ್ ಕುಡಿಯೋ ಚೊಂಬೂ ಚರ್ಮದ್ದೇ, ಸೋರದಂತೆ ಒಳಗೆ ರಾಳ ಬಳೀತಿದ್ರು.

ಹದ ಮಾಡೋದು ಮಾತ್ರ ನರಕ. ಮೊದಲು ಸುಣ್ಣದ ಗುಂಡಿ, ಆಮೇಲೆ ನಾಯಿ ಹೇಲು ಇಲ್ಲಾ ಪಾರಿವಾಳದ ಹಿಕ್ಕೆ, ಕೊನೆಗೆ ಓಕ್ ತೊಗಟೆ ನೀರಲ್ಲಿ ತಿಂಗಳುಗಟ್ಟಲೆ ನೆನೆಸಬೇಕು. ದಪ್ಪ ತೊಗಲಾದ್ರೆ ವರ್ಷವೇ ಹಿಡೀತಿತ್ತು. ನಮ್ಮಜ್ಜನಿಗೆ ತಂಗಡಿ ತೊಗಟೆ, ಅವರಿಗೆ ಓಕ್. ವಾಸನೆ ಅಂತ ಅವರನ್ನೂ ಊರಂಚಿಗೆ, ಹೊಳೆದಂಡೆಗೆ ತಳ್ಳಿದ್ರು.

ಆದರೆ ಲಂಡನ್ನಿನ ಜೋಡು ಹೊಲಿಯೋರ ಸಂಘಕ್ಕೆ 1439ರಲ್ಲಿ, ಚರ್ಮ ವ್ಯಾಪಾರಿಗಳ ಸಂಘಕ್ಕೆ 1444ರಲ್ಲಿ ರಾಜನೇ ಸನ್ನದು ಕೊಟ್ಟ. ಅವರೊಳಗೂ ಜಗಳವಿತ್ತು ಬಿಡಿ. ಹಳೇ ಜೋಡು ರಿಪೇರಿ ಮಾಡೋನು ಹೊಸದು ಹೊಲಿಯೋ ಹಾಗಿರಲಿಲ್ಲ. ಆದ್ರೆ ಚರ್ಮ ಮುಟ್ಟಿದವನ ಮೊಮ್ಮಗನೂ ಮೈಲಿಗೆ ಅನ್ನೋ ಶಾಸ್ತ್ರ ಅಲ್ಲಿರಲಿಲ್ಲ.

ನಮ್ಮಜ್ಜ ಹೊಲಿದ ಮೆಟ್ಟು ಊರೊಡೆಯರ ಕಾಲಲ್ಲಿ ಇರ್ತಿತ್ತು. ಅವರ ಬೀದಿ ಬಂದಾಗ ಅಜ್ಜ ತನ್ನ ಮೆಟ್ಟನ್ನ ಕೈಲಿ ಹಿಡ್ಕೊಂಡು ನಡೀತಿದ್ದ.