ಉಳಿದ ವಸ್ತುಗಳ ಮುಂದೆ: ಜಪಾನಿನ ಛಾಯಾಗ್ರಹಣದಲ್ಲಿ ಅಗಲಿಕೆಯ ಚರಿತ್ರೆ

ಹಣ್ಣು, ಹೂಜಿ, ತಲೆಬುರುಡೆ, ಆರಿದ ದೀಪಗಳನ್ನು ಮೇಜಿನ ಮೇಲಿರಿಸಿ ಬರೆದ ಚಿತ್ರಗಳನ್ನು ಡಚ್ಚರು ‘ಸ್ಟಿಲ್‌ಲೇವನ್’ ಎಂದರು. ಫ್ರೆಂಚರು ‘ನಾತ್ಯೂರ್ ಮೋರ್ತ್’, ಅಂದರೆ ಸತ್ತ ಪ್ರಕೃತಿ ಎಂದರು. ಜಪಾನಿಯ ‘ಸೇಬುತ್ಸು’ವಿಗೆ ನಿಶ್ಚಲ ವಸ್ತು ಎಂದಷ್ಟೇ ಅರ್ಥ. ಕನ್ನಡದಲ್ಲಿ ‘ಸ್ತಬ್ಧಚಿತ್ರ’ ಎಂದೊಡನೆ ಗಣರಾಜ್ಯೋತ್ಸವದ ಮೆರವಣಿಗೆ ನೆನಪಾಗುವುದರಿಂದ ಇಲ್ಲಿ ‘ವಸ್ತುಚಿತ್ರ’ ಎಂಬ ಪದವೇ ಲೇಸು. ಜಪಾನಿನ ಛಾಯಾಗ್ರಹಣದಲ್ಲಿ ಈ ಪ್ರಕಾರವು ಪಡೆದ ಗಾಂಭೀರ್ಯವನ್ನು ಅರಿಯಲು ಮತ್ತೊಂದು ಪದವೂ ಬೇಕು: ‘ಇಹಿನ್’, ತೀರಿಕೊಂಡವರು ಬಿಟ್ಟುಹೋದ ವಸ್ತು.

1961ರಲ್ಲಿ ಅಣ್ವಸ್ತ್ರವಿರೋಧಿ ಮಂಡಳಿಯೊಂದರ ಕೋರಿಕೆಯ ಮೇರೆಗೆ ನಾಗಸಾಕಿಗೆ ಹೋದ ತೋಮಾತ್ಸು ಶೋಮೆಯಿ ಬದುಕುಳಿದವರ ಮುಖಗಳೊಂದಿಗೆ ವಸ್ತುಗಳನ್ನೂ ಸೆರೆಹಿಡಿದನು. ಅವುಗಳಲ್ಲೊಂದು, 1945ರ ಆಗಸ್ಟ್ 9ರಂದು ಬಾಂಬು ಸಿಡಿದ 11 ಗಂಟೆ 2 ನಿಮಿಷಕ್ಕೆ ನಿಂತುಹೋದ ಕೈಗಡಿಯಾರ. ಇನ್ನೊಂದು, ಬೆಂಕಿಯ ಝಳಕ್ಕೆ ಕರಗಿ ವಿಕಾರಗೊಂಡ ಬಾಟಲಿ. ಅಳತೆ ತಿಳಿಸುವ ಯಾವ ಗುರುತೂ ಇಲ್ಲದ ಆ ಚಿತ್ರದಲ್ಲಿ ಬಾಟಲಿಯು ಚರ್ಮ ಸುಲಿದ ಪ್ರಾಣಿಯ ಕಳೇಬರದಂತೆ ತೋರುತ್ತದೆ. ಗಾಜು ಮಾಂಸವಾಗುವ ಈ ರೂಪಕದ ಬಲ ದೊಡ್ಡದು. ಆದರೆ ಆ ಬಾಟಲಿ ಯಾರದೆಂಬ ಪ್ರಶ್ನೆಯನ್ನು ಅದು ಹಿಂದಕ್ಕೆ ಸರಿಸುತ್ತದೆ.

ಆ ಪ್ರಶ್ನೆಯನ್ನೇ ಮುನ್ನೆಲೆಗೆ ತಂದವನು ತ್ಸುಚಿದಾ ಹಿರೋಮಿ. ಹಿರೋಷಿಮಾದ ಶಾಂತಿ ಸ್ಮಾರಕ ವಸ್ತುಸಂಗ್ರಹಾಲಯದ ವಸ್ತುಗಳನ್ನು ಆತ ಕಪ್ಪು-ಬಿಳುಪಿನಲ್ಲಿ, ಬರಿದಾದ ಬಿಳಿಯ ಹಿನ್ನೆಲೆಯ ಮೇಲೆ ತೆಗೆದು, ಪ್ರತಿಯೊಂದಕ್ಕೂ ಚಿಕ್ಕ ಟಿಪ್ಪಣಿ ಸೇರಿಸಿದನು. ಒಂದು ಊಟದ ಡಬ್ಬಿಯ ಚಿತ್ರವಿದೆ. ಒಡತಿ 15 ವರ್ಷದ ವಿದ್ಯಾರ್ಥಿನಿ; ಸ್ಫೋಟಕೇಂದ್ರದಿಂದ 500 ಮೀಟರ್ ದೂರದಲ್ಲಿ ಕಡ್ಡಾಯ ಸೇವೆಗೆ ನಿಯುಕ್ತಳಾಗಿದ್ದಳು. ಡಬ್ಬಿಯು ಕುಸಿದ ಮಣ್ಣಿನ ಗೋಡೆಯಡಿ ದೊರೆಯಿತು. ಒಳಗಿದ್ದ ಅನ್ನ ಮತ್ತು ಬಟಾಣಿ, ಯುದ್ಧಕಾಲಕ್ಕೆ ಹಬ್ಬದೂಟವೇ ಸರಿ, ಇದ್ದಿಲಾಗಿತ್ತು. ಹುಡುಗಿಯ ದೇಹ ಸಿಗಲಿಲ್ಲ. ವಸ್ತುಸಂಗ್ರಹಾಲಯದ ದಾಖಲೆಪುಸ್ತಕದಂತಿರುವ ಈ ಟಿಪ್ಪಣಿಯಲ್ಲಿ ಶೋಕವನ್ನು ಸೂಚಿಸುವ ಒಂದು ಪದವೂ ಇಲ್ಲ. ತೋಮಾತ್ಸುವಿನ ರೂಪಕಕ್ಕಿಂತ ಈ ಮಿತಭಾಷೆಯೇ ಹೆಚ್ಚು ಇರಿಯುತ್ತದೆಂದರೆ ಅತಿಶಯವಾಗದು. ಅಂತ್ಯಸಂಸ್ಕಾರಕ್ಕೆ ದೇಹವೇ ಇಲ್ಲದ ಮನೆಯಲ್ಲಿ ಡಬ್ಬಿಯು ದೇಹದ ಸ್ಥಾನದಲ್ಲಿ ನಿಲ್ಲುತ್ತದೆ.

ಇಷಿಉಚಿ ಮಿಯಾಕೋ ಈ ಪರಂಪರೆಗೆ ಬಂದದ್ದು ಯುದ್ಧದ ದಾರಿಯಿಂದಲ್ಲ, ತನ್ನ ಮನೆಯ ಸಾವಿನಿಂದ. 2000ದಲ್ಲಿ ತಾಯಿ ತೀರಿಕೊಂಡರು. ತಾಯಿ-ಮಗಳ ಸಂಬಂಧ ಸರಾಗವಾಗಿರಲಿಲ್ಲ. ಆಡಬೇಕಾದ ಮಾತು ಉಳಿದುಹೋಗಿತ್ತು. ಎಸೆಯಲೂ ಇರಿಸಿಕೊಳ್ಳಲೂ ಆಗದ ಒಳಉಡುಪು, ಕಟ್ಟುಹಲ್ಲು, ಕೂದಲು ಸಿಕ್ಕಿಕೊಂಡ ಬಾಚಣಿಗೆಗಳನ್ನು ಆಕೆ ಒಂದೊಂದಾಗಿ ಕ್ಯಾಮೆರಾದ ಮುಂದಿರಿಸಿದಳು. ಅದುವರೆಗೆ ಕಪ್ಪು-ಬಿಳುಪಿಗೆ ಹೆಸರಾಗಿದ್ದ ಆಕೆ ತಾಯಿಯ ತುಟಿಬಣ್ಣದ ಕಡ್ಡಿಗಳಿಗಾಗಿ ವರ್ಣಕ್ಕೆ ಹೊರಳಿದಳು. ಸವೆದ ಕಡ್ಡಿಯ ಓರೆಯಲ್ಲಿ ಬಳಸಿದ ತುಟಿಯ ಗುರುತು ಉಳಿದಿರುತ್ತದೆ. ‘ಮದರ್ಸ್’ ಎಂಬ ಈ ಸರಣಿ 2005ರ ವೆನಿಸ್ ಬಿಯನಾಲೆಯಲ್ಲಿ ಜಪಾನನ್ನು ಪ್ರತಿನಿಧಿಸಿತು.

2007ರಲ್ಲಿ ಆಕೆ ಹಿರೋಷಿಮಾದ ಅದೇ ಸಂಗ್ರಹಾಲಯಕ್ಕೆ ಹೋದಳು. ಸುಟ್ಟ ಅಂಚಿನ ಉಡುಪುಗಳನ್ನು ಬೆಳಕಿನ ಪೆಟ್ಟಿಗೆಯ ಮೇಲೆ ಹರಡಿ ಬಣ್ಣದಲ್ಲಿ ಚಿತ್ರಿಸಿದಳು. ಹೂಬುಟ್ಟಿಯ ನೇಯ್ಗೆ, ಗುಂಡಿ, ಕೈಹೊಲಿಗೆ ಎಲ್ಲವೂ ಬೆಳಕು ತೂರಿ ಕಾಣುತ್ತವೆ. ಘೋರವನ್ನು ಅಂದಗೊಳಿಸಲಾಗಿದೆ ಎಂಬ ಆಕ್ಷೇಪಕ್ಕೆ ಇಲ್ಲಿ ಎಡೆಯುಂಟು. ಆದರೆ ಆ ಬಟ್ಟೆಗಳು 1945ರ ಆಗಸ್ಟ್ 6ರ ಬೆಳಗಿನ 8 ಗಂಟೆ 15 ನಿಮಿಷದವರೆಗೆ ಅಂದವಾಗಿಯೇ ಇದ್ದವು, ಯಾರೋ ಆರಿಸಿ ತೊಟ್ಟವು. ಬರಿಯ ಬೂದಿಯನ್ನು ತೋರಿಸುವ ಚಿತ್ರವು ಆ ಆಯ್ಕೆಯನ್ನು ಅಳಿಸಿಹಾಕುತ್ತದೆ. ಸರಣಿಯ ಹೆಸರನ್ನು ಆಕೆ ಚೀನೀ ಮೂಲದ ಲಿಪಿಯಲ್ಲಿ ಬರೆಯದೆ, ಹಿಂದೆ ಹೆಂಗಸರ ಬರಹವೆನಿಸಿದ್ದ ಹಿರಾಗಾನದಲ್ಲಿ ‘ಹಿರೋಷಿಮಾ’ ಎಂದಿರಿಸಿದಳು. ಅನೇಕ ಚಿತ್ರಗಳ ಶೀರ್ಷಿಕೆಯಲ್ಲಿ ಕ್ರಮಸಂಖ್ಯೆಯ ಜೊತೆಗೆ ವಸ್ತುವನ್ನು ಕೊಟ್ಟವರ ಹೆಸರಿದೆ. ಮುಪ್ಪಿಗೆ ಬಂದ ಮನೆಯವರು ದಶಕಗಳ ಕಾಲ ಕಾಪಿಟ್ಟ ಇಹಿನ್‌ಗಳನ್ನು ಸಂಗ್ರಹಾಲಯಕ್ಕೆ ಒಪ್ಪಿಸುತ್ತಲೇ ಬಂದರು. ಇಷಿಉಚಿಯೂ ಹೊಸದಾಗಿ ಬಂದ ಉಡುಪುಗಳಿಗಾಗಿ ವರ್ಷವರ್ಷವೂ ಅಲ್ಲಿಗೆ ಮರಳಿದಳು.